ನಲವತ್ತಾರು ಜಾಗಟೆ, ಒಂದು ಗಂಟೆ

ಹೂಂಗುಟ್ಟುವವರು ಯಾರು? ಮೊದಲು ಅದು ಇತ್ಯರ್ಥವಾಗಲಿ. ಎಲ್ಲರೂ ಹೂಂ ಅನ್ನಬೇಕಾಗಿಲ್ಲ. ಒಬ್ಬರು ಆಕಳಿಸಿ, ಒಬ್ಬರು ತೂಕಡಿಸಿ, ಒಬ್ಬರು ಎಲೆಗೆ ಸುಣ್ಣ ಹಚ್ಚುತ್ತ ಕೂತಿರಿ. ಇಷ್ಟು ಜನರಲ್ಲಿ ಯಾರೋ ಒಬ್ಬರು ಹೂಂ ಅಂದರೆ ಸಾಕು, ಕಥೆ ಮುಂದಕ್ಕೆ ಹೋಗುತ್ತದೆ.

ಹಾಂ, ಒಬ್ಬರು ಅಂದರು. ಕೇಳಿ.

ಒಂದು ರಾಜ್ಯ. ಹೆಸರು ಕೇಳಬೇಡಿ. ಹೆಸರು ಗೊತ್ತಿದ್ದವರು ಹೋಗಿ ಬಹಳ ಕಾಲವಾಯಿತು. ಆ ರಾಜ್ಯಕ್ಕೊಬ್ಬ ದೊರೆ, ದೇವಭೂಪಾಲ. ಒಳ್ಳೆಯವನೋ? ಒಳ್ಳೆಯವನು. ಧೈರ್ಯವಂತನೋ? ಯುದ್ಧದಲ್ಲಿ ಧೈರ್ಯವಂತ. ಬೆಕ್ಕಿನ ಎದುರು ಅಲ್ಲ.

ಅವನ ದಿನಚರಿ ಹೀಗಿತ್ತು. ಬೆಳಗ್ಗೆ ಸ್ನಾನ, ಪೂಜೆ. ಆಮೇಲೆ ಅರಮನೆಯ ಹೊಸ್ತಿಲ ಮುಂದೆ ಬಂದು ನಿಂತು ಬಲಗಾಲು ಎತ್ತುವುದು. ಎತ್ತಿದ ಕಾಲು ಗಾಳಿಯಲ್ಲೇ ಇರಬೇಕು. ಹೊರಗೆ ಜಗಲಿಯ ಮೇಲೆ ಶಕುನದ ಆಳುಗಳು ಸಾಲಾಗಿ ಕೂತಿರುತ್ತಿದ್ದರು. ಒಬ್ಬನಿಗೆ ಬೆಕ್ಕು ನೋಡುವ ಕೆಲಸ. ಒಬ್ಬನಿಗೆ ಹಲ್ಲಿ ಲೊಚಗುಟ್ಟುವುದನ್ನು ಕೇಳುವ ಕೆಲಸ. ಒಬ್ಬನಿಗೆ ಸೀನು ಕೇಳುವ ಕೆಲಸ. ಒಬ್ಬೊಬ್ಬನ ಕೈಯಲ್ಲೂ ಒಂದು ಜಾಗಟೆ. ತನ್ನ ಶಕುನ ಬಂತೋ, ಢಣ್ ಅಂತ ಬಾರಿಸಬೇಕು. ಒಂದೇ ಒಂದು ಜಾಗಟೆ ಬಾರಿಸಿತೋ, ದೊರೆ ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು ಒಳಗೆ ಹೋಗುತ್ತಿದ್ದ. ಆ ದಿನ ಹೊರಗೆ ಹೋಗುವುದು ಮುಗಿಯಿತು.

ಮೊದಲು ಮೂರೇ ಜಾಗಟೆ ಇದ್ದವು. ಬೆಕ್ಕು, ಹಲ್ಲಿ, ಸೀನು. ತೊಂದರೆ ಏನೂ ಇರಲಿಲ್ಲ. ಹತ್ತರಲ್ಲಿ ಏಳು ದಿನ ದೊರೆ ಹೊರಗೆ ಹೋಗುತ್ತಿದ್ದ.

ಒಂದು ದಿನ ಯಾವ ಜಾಗಟೆಯೂ ಬಾರಿಸದಿದ್ದಾಗ ಹೊರಗೆ ಹೋದ ದೊರೆ ಮೆಟ್ಟಿಲ ಮೇಲೆ ಜಾರಿ ಬಿದ್ದ. ಪಾಚಿ ಕಟ್ಟಿತ್ತು, ಜಾರಿದ. ಆದರೆ ಅರಮನೆಯಲ್ಲಿ ಪಾಚಿಯ ಬಗ್ಗೆ ಯಾರು ಮಾತಾಡುತ್ತಾರೆ? ಆಸ್ಥಾನದ ಗುಂಡಾಜೋಯಿಸರನ್ನು ಕರೆಸಿದರು.

"ಜೋಯಿಸರೇ, ಶಕುನ ಸರಿಯಾಗಿಯೇ ಇತ್ತಲ್ಲ? ಬಿದ್ದದ್ದು ಯಾಕೆ?"

"ನಾವು ಗಮನಿಸದ ಇನ್ನೊಂದು ಅಪಶಕುನ ಇತ್ತು ಮಹಾಸ್ವಾಮಿ. ಎಡಗಡೆ ಕಾಗೆ ಕೂಗಿತ್ತು. ಅದಕ್ಕೂ ಒಬ್ಬ ಆಳು ಬೇಕು."

"ಆಮೇಲೆ ನಾನು ಹೊರಗೆ ಹೋಗುವುದಕ್ಕೆ ಆಗುತ್ತದೋ?"

"ಯಾಕಾಗುವುದಿಲ್ಲ? ಒಂದೊಂದು ಅಪಶಕುನವೂ ಹತ್ತು ದಿನಕ್ಕೊಮ್ಮೆ ಕಂಡರೆ ಹೆಚ್ಚು. ಒಂದು ಜಾಗಟೆಯಿಂದ ಏನು ಮಹಾ ಕೆಡುತ್ತದೆ?"

ಇದೇ ಮಾತು. ದೊರೆಗೆ ಹಲ್ಲುನೋವು ಬಂತು, ಒಂದು ಜಾಗಟೆ ಬಂತು. ಕುದುರೆ ಕುಂಟಿತು, ಒಂದು ಜಾಗಟೆ ಬಂತು. ಪಾಯಸ ಹೊತ್ತಿತು, ಒಂದು ಜಾಗಟೆ ಬಂತು. ಪ್ರತಿ ಸಲವೂ ಜೋಯಿಸರದ್ದು ಒಂದೇ ಪ್ರಶ್ನೆ: "ಒಂದು ಜಾಗಟೆಯಿಂದ ಏನು ಮಹಾ ಕೆಡುತ್ತದೆ?" ಅಪಶಕುನ ಸೇರಿಸಬಹುದು, ತೆಗೆಯುವಂತಿಲ್ಲ, ಅದು ಶಾಸ್ತ್ರ. ಹೀಗೆ ವರ್ಷಗಳು ಹೋಗಿ ಜಗಲಿಯ ಮೇಲೆ ನಲವತ್ತೈದು ಜನ ಕೂತರು. ದೊರೆ ಹೊರಗೆ ಕಾಣಿಸುವುದೇ ನಿಂತುಹೋಯಿತು. ಬೇಟೆ ಇಲ್ಲ, ಕೆರೆಯ ಏರಿ ನೋಡುವುದಿಲ್ಲ, ನ್ಯಾಯ ಹೇಳುವುದಿಲ್ಲ. ದಿನಾ ಕಾಲೆತ್ತುತ್ತಾನೆ, ಢಣ್, ಇಳಿಸುತ್ತಾನೆ.

ಇರಲಿ ಬಿಡಿ, ದೊರೆ ಮನೆಯಲ್ಲಿ ಕೂತರೆ ನಮಗೇನು ಅಂತೀರಾ? ಸಾಂತವ್ವನನ್ನು ಕೇಳಿ.

ಸಾಂತವ್ವ ಯಾರು? ಕೋಟೆಯೊಳಗೆ ಮೆಣಸಿನಕಾಯಿ ಕುಟ್ಟಿ ಪುಡಿ ಮಾರುವ ಉಡಚಪ್ಪನ ಹೆಂಡತಿ. ದೀಪಾವಳಿ ಆದ ಮಾರನೆಯ ಬೆಳಗ್ಗೆ ಉಡಚಪ್ಪ ಪುಡಿಯ ಮೂಟೆ ಹೊತ್ತು ಅರಮನೆಯ ಮುಂದೆ ಹಾದುಹೋಗುತ್ತಿದ್ದ. ದೊರೆ ಒಳಗೆ ಕಾಲೆತ್ತಿದ್ದ. ಉಡಚಪ್ಪನ ಮೂಗಿಗೆ ಘಾಟು ಹೊಡೆಯಿತು. ಆಕ್ಷೀ!

ಢಣ್.

ಬೆಕ್ಕನ್ನು ಸೆರೆಗೆ ಹಾಕಲಾಗುವುದಿಲ್ಲ, ಹಲ್ಲಿಯನ್ನೂ ಹಾಕಲಾಗುವುದಿಲ್ಲ. ಮನುಷ್ಯನನ್ನು ಹಾಕಬಹುದು. ವೈರಿಗಳು ಬೇಕೆಂದೇ ಸೀನಿಸಿರಬಹುದು, ವಿಚಾರಣೆ ಆಗಬೇಕು ಅಂತ ಉಡಚಪ್ಪನನ್ನು ಹಿಡಿದು ಸೆರೆಮನೆಗೆ ತಳ್ಳಿದರು. ಆ ರಾಜ್ಯದ ಕಟ್ಟಳೆ ಏನೆಂದರೆ, ವಿಚಾರಣೆ ಮಾಡಬೇಕಾದವನು ದೊರೆ. ಮಾಡಬೇಕಾದ ಜಾಗ ಕೋಟೆಯ ಹೊರಗಿನ ಅರಳಿಕಟ್ಟೆ. ಯುಗಾದಿಯೊಳಗೆ ವಿಚಾರಣೆ ಆಗದವನನ್ನು ಅಪರಾಧಿ ಅಂತಲೇ ತಿಳಿದು, ಮನೆಗೆ ಬೀಗ ಹಾಕಿ, ಗಂಡ ಹೆಂಡತಿ ಇಬ್ಬರನ್ನೂ ಹೊಳೆಯಾಚೆ ಅಟ್ಟುವುದು. ಆಚೆ ಏನಿದೆ? ಅಲ್ಲಿಂದ ಬಂದು ಹೇಳಿದವರು ಯಾರೂ ಇಲ್ಲ.

ಸಾಂತವ್ವ ಮಂತ್ರಿಯ ಹತ್ತಿರ ಹೋದಳು. "ಸ್ವಾಮೀ, ದೊರೆಗಳು ಯಾವತ್ತು ಹೊರಗೆ ಬರುತ್ತಾರೆ?"

ಮಂತ್ರಿ ಬೆರಳು ಮಡಚಿ ಲೆಕ್ಕ ಹಾಕಿದ. "ನಲವತ್ತೈದು ಅಪಶಕುನ. ಒಂದೊಂದೂ ಹತ್ತು ದಿನಕ್ಕೊಮ್ಮೆ. ಎಲ್ಲ ಕೂಡಿಸಿದರೆ ದಿನಕ್ಕೆ ನಾಲ್ಕೂವರೆ ಜಾಗಟೆ. ಒಂದು ಬಾರಿಸಿದರೇ ದೊರೆ ಒಳಗೆ, ಇನ್ನು ನಾಲ್ಕೂವರೆ ಬಾರಿಸಿದರೆ ಕೇಳಬೇಕೇ? ಎಂದೆಂದಿಗೂ ಬರುವುದಿಲ್ಲ. ಗಂಟುಮೂಟೆ ಕಟ್ಟಮ್ಮ."

ಅವಳು ಅಳುತ್ತ ಅರಮನೆಯ ಹಿತ್ತಿಲಿಗೆ ಹೋದಳು. ರಾಣಿಯ ಅಡುಗೆಮನೆಗೆ ಖಾರದ ಪುಡಿ ಕೊಡುವವಳು ಅವಳೇ. ಅಲ್ಲಿ ರಾಣಿ ಮಲ್ಲಾಜಮ್ಮ ಒಬ್ಬಳೇ ಕೂತು ಚೌಕಾಬಾರ ಆಡುತ್ತಿದ್ದಳು. ಬಲಗೈ ಒಂದು ಪಕ್ಷ, ಎಡಗೈ ಇನ್ನೊಂದು ಪಕ್ಷ. ಎಡಗೈ ಗೆಲ್ಲುತ್ತಿತ್ತು. ರಾಣಿಗೂ ಸಂಕಟ ಇಲ್ಲದಿಲ್ಲ. ಗಂಡ ಹನ್ನೆರಡು ತಿಂಗಳೂ ಮನೆಯಲ್ಲಿ. ಸಾರಿಗೆ ಉಪ್ಪು ಕಮ್ಮಿ ಅಂತಾನೆ, ದೀಪದ ಬತ್ತಿ ದಪ್ಪ ಅಂತಾನೆ, ಯಾವ ಕೋಣೆಗೆ ಹೋದರೂ ಅಲ್ಲೇ ಇರುತ್ತಾನೆ.

"ಯಾಕೇ ಸಾಂತಿ, ಅಳುತ್ತಿದ್ದೀಯ?"

ಸಾಂತವ್ವ ಮಂತ್ರಿ ಹೇಳಿದ್ದನ್ನೆಲ್ಲ ಹೇಳಿದಳು.

"ಮಂತ್ರಿಗೆ ಕೂಡಿಸುವುದು ಬಿಟ್ಟರೆ ಬೇರೆ ಏನೂ ಬರುವುದಿಲ್ಲ" ಅಂದಳು ರಾಣಿ. "ಅವನ ಲೆಕ್ಕದಲ್ಲಿ ಹತ್ತು ಜಾಗಟೆ ಇದ್ದಾಗಲೇ ದೊರೆ ಹೊರಗೆ ಹೋಗುವುದು ನಿಲ್ಲಬೇಕಿತ್ತು. ನಿಂತಿತ್ತೋ? ನೂರರಲ್ಲಿ ಮೂವತ್ತೈದು ದಿನ ಹೋಗುತ್ತಿದ್ದರು, ನಾನೇ ನೆಮ್ಮದಿಯಾಗಿ ಇಲ್ಲಿ ಕೂರುತ್ತಿದ್ದೆ. ಬಾ, ಕೂರು. ನೂರು ಬೆಳಗನ್ನು ನೂರು ರೊಟ್ಟಿ ಅಂದುಕೋ."

"ಅಂದುಕೊಂಡೆ ದೊರೆಸಾನಿ."

"ಬೆಕ್ಕಿನವನು ಹತ್ತರಲ್ಲಿ ಒಂದು ತಿಂದ. ಎಷ್ಟು ಉಳಿಯಿತು?"

"ತೊಂಬತ್ತು."

"ಹಲ್ಲಿಯವನೂ ಹತ್ತು ಸಲ ಬಾರಿಸುತ್ತಾನೆ. ಆದರೆ ಬೆಕ್ಕಿಗೂ ಹಲ್ಲಿಗೂ ಏನು ಸಂಬಂಧ? ಅವನ ಹತ್ತರಲ್ಲಿ ಒಂದು, ಬೆಕ್ಕು ಆಗಲೇ ಕೆಡಿಸಿದ ಬೆಳಗಿನ ಮೇಲೆ ಬೀಳುತ್ತದೆ. ಕೆಟ್ಟಿದ್ದನ್ನು ಇನ್ನೊಂದು ಸಲ ಕೆಡಿಸುವುದು ಹೇಗೆ? ಅವನು ಹೊಸದಾಗಿ ತಿನ್ನುವುದು ಒಂಬತ್ತೇ. ಉಳಿದದ್ದು ಎಂಬತ್ತೊಂದು. ಸೀನಿನವನು ಅದರಲ್ಲಿ ಹತ್ತರಲ್ಲೊಂದು ತಿನ್ನುತ್ತಾನೆ. ಉಳಿದದ್ದು ಸುಮಾರು ಎಪ್ಪತ್ತಮೂರು. ಬಂದವರು ಯಾರು ಅಂತ ಎಣಿಸಬೇಡ ಸಾಂತಿ. ಯಾರೂ ಬಾರದ ಬೆಳಗು ಎಷ್ಟು ಉಳಿಯಿತು ಅಂತ ಎಣಿಸು. ಒಬ್ಬೊಬ್ಬ ಬಂದ ಹಾಗೆಲ್ಲ ಉಳಿದದ್ದರಲ್ಲಿ ಹತ್ತನೇ ಒಂದು ಪಾಲು ಹೋಗುತ್ತದೆ, ಅಷ್ಟೇ. ಪೂರಾ ಖಾಲಿ ಆಗುವುದೇ ಇಲ್ಲ."

"ಹಾಗಾದರೆ ನಲವತ್ತೈದು ಜನ ತಿಂದ ಮೇಲೆ?"

ರಾಣಿ ಕವಡೆಗಳನ್ನು ಸರಿಸಿ ಸರಿಸಿ ಎಣಿಸಿದಳು. "ನೂರರಲ್ಲಿ ಒಂದು ರೊಟ್ಟಿ. ಅದೂ ಅಂಚು ಮುರಿದದ್ದು."

ಯುಗಾದಿಗೆ ಇನ್ನೂ ನೂರಕ್ಕೆ ಮೇಲ್ಪಟ್ಟು ದಿನ ಇತ್ತು. ಸಾಂತವ್ವ ಕಣ್ಣೊರೆಸಿಕೊಂಡಳು. ಒಂದು ರೊಟ್ಟಿ ಸಾಕಲ್ಲ ಅವಳಿಗೆ? ಒಂದು ಬೆಳಗು ಸಾಕು. ಅಲ್ಲಿಂದ ದಿನಾ ಹೋಗಿ ಹೆಬ್ಬಾಗಿಲ ಹತ್ತಿರ ನಿಂತಳು. ಢಣ್. ಮಾರನೆಯ ದಿನ ನಿಂತಳು. ಢಣ್ ಢಣ್. ಅದರ ಮಾರನೆಯ ದಿನವೂ ನಿಂತಳು. ಆ ದಿನ ಒಂಬತ್ತು ಜಾಗಟೆ, ಮದುವೆ ಮನೆಯ ಹಾಗೆ.

ಸುಗ್ಗಿ ಮುಗಿದ ಮೇಲೆ ಒಂದು ಬೆಳಗ್ಗೆ, ಕೇಳಿ, ಆ ಬೆಳಗು ಬಂತು.

ದೊರೆ ಕಾಲೆತ್ತಿದ. ಬೆಕ್ಕಿಲ್ಲ, ಹಲ್ಲಿಯಿಲ್ಲ, ಸೀನಿಲ್ಲ. ನಲವತ್ತೈದು ಜನರೂ ಜಾಗಟೆ ಹಿಡಿದು ಸುಮ್ಮನೆ ಕೂತಿದ್ದಾರೆ. ದೊರೆಯ ಕಾಲು ಗಾಳಿಯಲ್ಲೇ ನಿಂತಿತು.

"ಜೋಯಿಸರೇ, ಯಾಕೆ ಸದ್ದೇ ಇಲ್ಲ?"

ಗುಂಡಾಜೋಯಿಸರ ಮುಖ ಬಿಳಿಚಿಕೊಂಡಿತು. "ಎಷ್ಟೋ ಕಾಲದಿಂದ ಹೀಗಾದದ್ದಿಲ್ಲ ಮಹಾಸ್ವಾಮಿ. ಒಂದೂ ಅಪಶಕುನ ಇಲ್ಲ ಅಂದರೆ... ಅದಕ್ಕಿಂತ ದೊಡ್ಡ ಅಪಶಕುನ ಇನ್ನೇನಿದೆ?"

ದೊರೆ ಗಡಬಡಿಸಿ ಕಾಲನ್ನು ಹಿಂದಕ್ಕಿಟ್ಟ. ಅವತ್ತೇ ನಲವತ್ತಾರನೆಯ ಆಳನ್ನು ನೇಮಿಸಿದರು. ಅವನ ಕೆಲಸ ಏನು? ಬೇರೆ ಯಾರೂ ಬಾರಿಸದೇ ಇದ್ದರೆ ಬಾರಿಸುವುದು.

ನಗಬೇಡಿ. ಇದು ಪಂಡಿತರು ಕೂತು ತೀರ್ಮಾನಿಸಿದ ವಿಷಯ.

ಸಾಂತವ್ವ ಹಿತ್ತಿಲಿಗೆ ಹೋಗಿ ಧೊಪ್ಪನೆ ಕೂತಳು. "ಆ ಮುರುಕು ರೊಟ್ಟಿಯನ್ನೂ ತಿಂದರು ದೊರೆಸಾನಿ."

"ಕೇಳಿಸಿತು" ಅಂದಳು ರಾಣಿ. "ಇನ್ನು ಲೆಕ್ಕ ಹಾಕುವುದಕ್ಕೆ ಏನೂ ಉಳಿದಿಲ್ಲ." ಕವಡೆ ಎಸೆದಳು, ನೋಡಲಿಲ್ಲ. ಮತ್ತೆ ಎಸೆದಳು, ನೋಡಲಿಲ್ಲ. ಮೂರನೆಯ ಸಲ ಎಸೆಯುವಾಗ ಕೈ ನಿಲ್ಲಿಸಿದಳು. "ಏನೇ, ನನ್ನ ಮದುವೆ ದಿನ ಏನಾಯಿತು ಗೊತ್ತೇನೇ? ದಿಬ್ಬಣ ಹೊರಡುವಾಗ ಬೆಕ್ಕು ಅಡ್ಡ ಬಂತು. ನಮ್ಮ ಸೋದರಮಾವ ಸೀನಿದ. ಶಕುನ ನೋಡುತ್ತಿದ್ದವರು ಇದೇ ಗುಂಡಾಜೋಯಿಸರು. ಒಳಗೆ ಹೋಳಿಗೆ ಆರಿಹೋಗುತ್ತಿತ್ತು, ಅವರಿಗೆ ಹಸಿವು. ಅಷ್ಟರಲ್ಲಿ ಯಾರೋ ತುಂಬಿದ ಕೊಡ ಹೊತ್ತು ಎದುರಿಗೆ ಬಂದಳು. 'ಒಂದು ಶುಭಶಕುನ ಬಂದರೆ ಸಾಕು, ಎಲ್ಲ ಅಪಶಕುನವೂ ಕಳೆಯಿತು, ನಡೆಯಿರಿ' ಅಂದುಬಿಟ್ಟರು."

ಆದರೆ ಈ ಮಾತನ್ನು ದೊರೆಯ ಕಿವಿಗೆ ಹಾಕಲು ಸಮಯ ನೋಡಬೇಕಲ್ಲ? ದೊರೆಗೆ ಸಿಟ್ಟು ಇಲ್ಲದ ದಿನ, ಜೋಯಿಸರೂ ಎದುರಿಗಿರುವ ದಿನ. ಅಂಥ ದಿನ ಸಿಗುವಷ್ಟರಲ್ಲಿ ಯುಗಾದಿಗೆ ಒಂದು ವಾರ ಉಳಿದಿತ್ತು.

"ಜೋಯಿಸರೇ" ಅಂದಳು ರಾಣಿ, "ಅವತ್ತು ಒಂದು ಕೊಡ ಎಲ್ಲ ಅಪಶಕುನ ಕಳೆಯಿತು. ಇವತ್ತು ಕಳೆಯುವುದಿಲ್ಲವೋ?"

"ಅದು... ಅವತ್ತಿನ ಮುಹೂರ್ತ ಬೇರೆ ತಾಯೀ..."

"ಕಳೆಯದೇ ಇದ್ದರೆ ನನ್ನ ಮದುವೆ ಆಗಲೇ ಇಲ್ಲ ಅಂತಾಯಿತು. ಇಷ್ಟು ವರ್ಷ ನಾನು ಯಾರ ಮನೆಯಲ್ಲಿದ್ದೇನೆ?"

ದೊರೆ ಜೋಯಿಸರ ಮುಖ ನೋಡಿದ. ಜೋಯಿಸರು ನೆಲ ನೋಡಿದರು. "ಕಳೆಯುತ್ತದೆ, ಕಳೆಯುತ್ತದೆ. ಒಂದು ಶುಭಶಕುನ ಸಾಕು."

"ಹಾಗಾದರೆ ಶುಭಶಕುನಕ್ಕೂ ಆಳುಗಳನ್ನು ಇಡಿ. ಮೂವತ್ತು ಶುಭಶಕುನ, ಮೂವತ್ತು ಆಳು, ಮೂವತ್ತು ಗಂಟೆ."

ಜೋಯಿಸರು ಮೂರ್ಖರೇನಲ್ಲ. ಮೂವತ್ತನ್ನು ಅವರೇ ಆರಿಸಿದರು. ತುಂಬಿದ ಕೊಡ ಹೊತ್ತವಳು, ಹೂ ಮುಡಿದವಳು, ಒದ್ದೆ ಸೆರಗಿನವಳು, ಮಗು ಎತ್ತಿಕೊಂಡವಳು, ಹಸಿರು ಬಳೆಯವಳು... ಹೀಗೆ ಮೂವತ್ತು. ಎಲ್ಲರೂ ಯಾರು? ಅರಮನೆಯ ಎದುರಿನ ಬಾವಿಗೆ ನೀರಿಗೆ ಬರುವ ಒಂದೇ ಗುಂಪು. ದೊರೆ ಕಾಲೆತ್ತುವ ಹೊತ್ತಿಗೆ ಸರಿಯಾಗಿ ಅವರು ಆ ದಾರಿಯಲ್ಲಿ ಸಿಗುವುದು ಹತ್ತು ದಿನಕ್ಕೊಮ್ಮೆ. ಸಿಕ್ಕರೆ ಎಲ್ಲರೂ ಒಟ್ಟಿಗೆ, ಇಲ್ಲದಿದ್ದರೆ ಒಬ್ಬಳೂ ಇಲ್ಲ.

ಮಂತ್ರಿ ಬೆರಳು ಮಡಚಿದ. "ಮೂವತ್ತು ಶುಭಶಕುನ, ಹತ್ತರಲ್ಲೊಂದು, ದಿನಕ್ಕೆ ಮೂರು ಗಂಟೆ ಖಂಡಿತ."

ಮೊದಲ ದಿನ ಗಂಟೆ ಬಾರಿಸಲಿಲ್ಲ. ಎರಡನೆಯ ದಿನ ಬಾರಿಸಲಿಲ್ಲ. ಮೂರನೆಯ ದಿನವೂ ಇಲ್ಲ. ವಿಚಾರಿಸಿದರೆ, ಬಾವಿಕಟ್ಟೆಯ ಮೇಲೆ ಯಾರದೋ ಸೊಸೆಯನ್ನು ಯಾರೋ ಏನೋ ಅಂದರಂತೆ. ಜಗಳವಾಗಿ ಅಷ್ಟೂ ಹೆಂಗಸರು ಕೆರೆಗೆ ಹೋಗುತ್ತಿದ್ದರು. ಕೊಡ ಹೋಯಿತು, ಹೂ ಹೋಯಿತು, ಮಗು ಹೋಯಿತು, ಬಳೆ ಹೋಯಿತು. ಮೂವತ್ತು ಆಳು ಗಂಟೆ ಹಿಡಿದು ಖಾಲಿ ಬಾವಿಯನ್ನು ನೋಡುತ್ತ ಕೂತರು.

"ಅಯ್ಯೋ ನನ್ನ ಬುದ್ಧಿಯೇ" ಅಂತ ರಾಣಿ ಹಣೆ ಚಚ್ಚಿಕೊಂಡಳು. "ಮೂವತ್ತು ಗಂಟೆಗೂ ಒಂದೇ ಹಗ್ಗ ಕಟ್ಟಿದ್ದಾನಲ್ಲೇ ಆ ಮುದುಕ! ಇದು ಮೂವತ್ತಲ್ಲ ಸಾಂತಿ, ಒಂದೇ. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿಲ್ಲದ ಶಕುನಗಳು ಬೇಕು. ಒಂದು ಬಾರದೇ ಇದ್ದದ್ದಕ್ಕೆ ಇನ್ನೊಂದು ನಿಲ್ಲಬಾರದು."

ರಾಣಿ ಹೋಗಿ ದೊರೆಯ ಮುಂದೆ ನಿಂತಳು. ಏನಂದಳೋ, ಬಾಗಿಲು ಹಾಕಿತ್ತು, ನನಗೆ ಗೊತ್ತಿಲ್ಲ. ಮತ್ತೆ ಮೂವತ್ತನ್ನು ಆರಿಸುವ ಅಪ್ಪಣೆ ಆಯಿತು, ಆರಿಸುವವಳು ರಾಣಿ. ಬಲಗಡೆಯಿಂದ ಹಾರುವ ಗರುಡ. ಕರುವಿನ ಜೊತೆ ಹಸು. ಮಡಿ ಮಾಡಿದ ಬಟ್ಟೆಯ ಗಂಟು. ಕಬ್ಬಿನ ಗಾಡಿ. ಮುಂಗುಸಿ. ಮೊಸರಿನ ಗಡಿಗೆ. ಕುದುರೆಯ ಕೆನೆತ. ಒಂದು ಆಕಾಶದಲ್ಲಿ, ಒಂದು ಪೊದೆಯಲ್ಲಿ, ಒಂದು ಪೇಟೆಯಲ್ಲಿ. ಮುಂಗುಸಿಗೂ ಮೊಸರು ಮಾರುವವಳಿಗೂ ಮುಖಪರಿಚಯವೂ ಇಲ್ಲ.

ಇದೆಲ್ಲ ಆಗುವ ಹೊತ್ತಿಗೆ ಉಳಿದದ್ದು ಒಂದೇ ಬೆಳಗು. ಅದರ ಮಾರನೆಯ ದಿನ ಯುಗಾದಿ.

"ದೊರೆಸಾನಿ, ನಾಳೆ ಬಾರಿಸುತ್ತದೋ?"

"ನೂರು ಬೆಳಗಿನಲ್ಲಿ ತೊಂಬತ್ತಾರು ಬೆಳಗು ಬಾರಿಸುತ್ತದೆ."

"ನಾಳೆ ಆ ಉಳಿದ ನಾಲ್ಕರಲ್ಲಿ ಒಂದಾಗಿದ್ದರೆ?"

"ಆಗಿದ್ದರೆ ಆಯಿತು. ನಾನು ಲೆಕ್ಕ ಹಾಕಿದ್ದೇನೆ ಸಾಂತಿ, ವರ ಕೊಟ್ಟಿಲ್ಲ. ಬುತ್ತಿಯನ್ನೂ ಕಟ್ಟಿಟ್ಟುಕೋ."

ಕಟ್ಟಿಟ್ಟುಕೊಂಡಳು. ಬುತ್ತಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡೇ ಬೆಳಗ್ಗೆ ಹೆಬ್ಬಾಗಿಲಿಗೆ ಬಂದಳು. ಅಷ್ಟರಲ್ಲಿ ಉಡಚಪ್ಪನನ್ನೂ ಕೈಕಟ್ಟಿ ಕರೆತಂದು ನಿಲ್ಲಿಸಿದ್ದರು. ದೊರೆ ಬಂದರೆ ಅರಳಿಕಟ್ಟೆಗೆ, ಬಾರದಿದ್ದರೆ ಹೊಳೆಗೆ.

ದೊರೆ ಕಾಲೆತ್ತಿದ.

ಢಣ್. ಹಲ್ಲಿ. ಢಣ್. ಕಾಗೆ. ಢಣ್, ಢಣ್, ಢಣ್. ಅವೇನೋ ನೆನಪಿಲ್ಲ. ಐದು ಜಾಗಟೆ ಆಯಿತು. ಗಂಟೆ? ಇಲ್ಲ. ಆಕಾಶ ನೋಡಿದರು, ಗರುಡ ಇಲ್ಲ. ಪೊದೆ ನೋಡಿದರು, ಮುಂಗುಸಿ ಇಲ್ಲ. ಹಸು ಬಂತು, ಕರು ಇಲ್ಲ. ದೊರೆಯ ಕಾಲು ನಡುಗತೊಡಗಿತು. ಗುಂಡಾಜೋಯಿಸರು ಶಲ್ಯ ಸರಿಮಾಡಿಕೊಂಡು ಮುಗುಳ್ನಕ್ಕರು. ಸಾಂತವ್ವ ಬುತ್ತಿಯ ಗಂಟನ್ನು ಅವುಚಿಕೊಂಡಳು. ರಾಣಿ ಕಿಟಕಿಯಲ್ಲಿ ನಿಂತು ಕವಡೆಯನ್ನು ಕೈಯಲ್ಲೇ ಗಟ್ಟಿಯಾಗಿ ಹಿಡಿದಿದ್ದಳು.

"ಇನ್ನು ಸಾಕು ಮಹಾಸ್ವಾಮಿ, ಕಾಲು ನೋಯುತ್ತದೆ" ಅಂದರು ಜೋಯಿಸರು.

ದೊರೆ ಕಾಲನ್ನು ಹಿಂದಕ್ಕೆ ಎಳೆದ. ಇನ್ನೇನು ನೆಲಕ್ಕೆ ತಾಗಬೇಕು.

ಕಿಣಿ ಕಿಣಿ ಕಿಣಿ.

ಪೇಟೆ ಬೀದಿಯ ತಿರುವಿನಲ್ಲಿ ಕಬ್ಬಿನ ಗಾಡಿ. ಎತ್ತಿಗೆ ಏನೂ ಗೊತ್ತಿಲ್ಲ, ಮೆಲುಕು ಹಾಕುತ್ತ ಬರುತ್ತಿದೆ.

"ಐದು ಜಾಗಟೆಗೆ ಒಂದೇ ಗಂಟೆ ಮಹಾಸ್ವಾಮಿ!" ಅಂತ ಜೋಯಿಸರು ಕೂಗಿದರು.

"ಒಂದು ಸಾಕು ಅಂದವರು ನೀವೇ ಅಲ್ಲವೇ?" ಅಂದ ದೊರೆ. ಕಾಲನ್ನು ಮುಂದಕ್ಕಿಟ್ಟ. ಎಷ್ಟು ಕಾಲದ ಮೇಲೋ ಆ ಕಾಲು ಹೊಸ್ತಿಲಾಚೆಯ ಬಿಸಿಲು ಕಂಡಿತು.

ಅರಳಿಕಟ್ಟೆಯ ಮೇಲೆ ದೊರೆ ಕೂತ. ಉಡಚಪ್ಪನನ್ನು ಮುಂದೆ ನಿಲ್ಲಿಸಿದರು.

"ಯಾಕೋ ಸೀನಿದೆ?"

"ಮೆಣಸಿನಕಾಯಿ ಕುಟ್ಟುವವನು ಬುದ್ಧೀ. ನಾನು ಸೀನದಿದ್ದ ದಿನ ಯಾವುದು ಅಂತ ಕೇಳಿ, ಅದನ್ನು ಹೇಳುವುದು ಸುಲಭ."

ದೊರೆ ಜೋಯಿಸರ ಕಡೆ ತಿರುಗಿದ. "ಇವನು ಸೀನಿದ್ದರಿಂದ ಅವತ್ತು ಏನು ಕೇಡಾಯಿತು?"

"ಏನೂ ಆಗಲಿಲ್ಲ ಮಹಾಸ್ವಾಮಿ. ಸೀನು ಕೇಳಿ ತಾವು ಒಳಗೆ ಹೋದಿರಿ, ಆದ್ದರಿಂದ ಆಗಲಿಲ್ಲ. ಹೋಗದಿದ್ದರೆ ಆಗುತ್ತಿತ್ತು."

ಆಗ ಸಾಂತವ್ವ ಮುಂದೆ ಬಂದಳು. "ಬುದ್ಧೀ, ಹಾಗಾದರೆ ನನ್ನ ಗಂಡ ತಮ್ಮನ್ನು ಕೇಡಿನಿಂದ ಉಳಿಸಿದ ಅಂತಾಯಿತಲ್ಲ? ಜಾಗಟೆ ಬಾರಿಸಿ ಎಚ್ಚರಿಸುವವರಿಗೆ ಅರಮನೆಯ ಊಟ. ಮೂಗಿನಿಂದ ಎಚ್ಚರಿಸಿದವನಿಗೆ ಸೆರೆಮನೆಯ ಗಂಜಿಯೋ?"

ದೊರೆ ಜೋಯಿಸರನ್ನು ನೋಡಿದ. ಜೋಯಿಸರು ಬಾಯಿ ತೆರೆದರು. ಉಡಚಪ್ಪನ ಅಂಗಿಯಲ್ಲಿ ಹಳೆಯ ಪುಡಿ ಇನ್ನೂ ಇತ್ತೋ ಏನೋ, ಬಂದದ್ದು ಮಾತಲ್ಲ, ಸೀನು. ದೊಡ್ಡ ಸೀನು. ಎಲ್ಲರೂ ಅವರನ್ನೇ ನೋಡಿದರು.

"ಕೈಕಟ್ಟು ಬಿಚ್ಚಿ" ಅಂದ ದೊರೆ. "ಸೀನಿದ ಇಬ್ಬರನ್ನೂ ಒಂದೇ ಕೋಣೆಗೆ ಹಾಕಬೇಕಾಗುವ ಮೊದಲು ಒಬ್ಬನನ್ನು ಮನೆಗೆ ಕಳಿಸೋಣ."

ಜೋಯಿಸರನ್ನು ಸೆರೆಗೆ ಹಾಕಿದರೋ? ಛೆ, ಎಲ್ಲಾದರೂ ಉಂಟೇ? ಅವರಿಗೀಗ ಜಾಗಟೆಯವರ ಮೇಲೂ ಅಧಿಕಾರ, ಗಂಟೆಯವರ ಮೇಲೂ ಅಧಿಕಾರ. ದಿನಾ ಬೆಳಗ್ಗೆ ಜಾಗಟೆಗಳು ಬಾರಿಸುತ್ತವೆ, ಗಂಟೆಗಳೂ ಬಾರಿಸುತ್ತವೆ, ದೊರೆ ಹೊರಗೆ ಹೋಗುತ್ತಾನೆ. ಮೂವತ್ತೂ ಗಂಟೆ ಸುಮ್ಮನಿದ್ದ ಬೆಳಗು ಬಂದರೆ ಒಳಗೆ ಕೂರುತ್ತಾನೆ. ಆ ದಿನ ರಾಣಿ ತವರಿಗೆ ಹೋಗುತ್ತಾಳೆ. ಊರಿನವರಿಗೆ ಆ ಗದ್ದಲ ಕೇಳಿದರೆ ಎದ್ದು ಹಲ್ಲುಜ್ಜುವ ಹೊತ್ತಾಯಿತು ಅಂತ, ಅಷ್ಟೇ.

ಇನ್ನು ಆ ಇಬ್ಬರು. ಸಾಂತವ್ವ ಗಂಡನ ಕೈ ಹಿಡಿದುಕೊಂಡು ಮನೆಗೆ ಹೊರಟಳು. ಕೋಟೆಯ ಬಾಗಿಲು ದಾಟಬೇಕು, ಅಷ್ಟರಲ್ಲಿ ಒಂದು ಬೆಕ್ಕು ಅಡ್ಡ ಓಡಿತು. ಉಡಚಪ್ಪ ಗಕ್ಕನೆ ನಿಂತ. ಬಲಗಾಲು ಗಾಳಿಯಲ್ಲಿ.

ಸಾಂತವ್ವ ಆ ಕಾಲನ್ನು ನೋಡಿದಳು. ಆಮೇಲೆ ಗಂಡನ ಮುಖ ನೋಡಿದಳು.

"ಇಡುತ್ತೀಯೋ, ಇಲ್ಲ ನಿನ್ನನ್ನು ಸೆರೆಮನೆಗೇ ವಾಪಸ್ ಬಿಟ್ಟು ಬರಲೋ?"

ಇಟ್ಟ.

ಅವರು ಮನೆ ಸೇರಿ ಬುತ್ತಿ ಬಿಚ್ಚಿ ಉಂಡರು. ಕಥೆಯೂ ಅಲ್ಲಿಗೆ ಕೈ ತೊಳೆಯಿತು. ಇಷ್ಟು ಹೊತ್ತು ಹೂಂ ಅಂದವರು ಯಾರೋ ಏನೋ, ಕತ್ತಲೆಯಲ್ಲಿ ಕಾಣಲಿಲ್ಲ. ಒಬ್ಬರಂತೂ ಎಚ್ಚರ ಇದ್ದಿರಿ. ನನಗೆ ಅಷ್ಟು ಸಾಕು.